ಅಳಿಯನ ಬೂಟು

ಬೂದಿಗೆರೆ
ಮಂಗಳವಾರ, 29-2-1972

ಅಳಿಯಂದಿರಾದ ಚಿರಂಜೀವಿ ಆಂಜಿನಪ್ಪನವರಿಗೆ ಮಾವನ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ. ಶನಿವಾರದವರೆಗೆ ನೀವೂ ಕ್ಷೇಮವೆಂದು ತಿಳಿದಿದ್ದೇನೆ. ಅದರಾಚೆಗೂ ಕ್ಷೇಮವಾಗಿರಬೇಕೆಂದೇ ಮಂಗಳವಾರವೆಂದು ನೋಡದೆ ಕಾಗದ ಬರೆಯಲು ಕೂತಿದ್ದೇನೆ.

ನಿಮ್ಮ ಪತ್ರ ತಲುಪಿತು. ಕಾರ್ಖಾನೆಯಲ್ಲಿ ತರಬೇತಿ ಮುಗಿದದ್ದು, ಶನಿವಾರ ಸುರಕ್ಷತಾ ದಿನವೆಂದು ಮುನ್ನೂರು ಜನರ ಮುಂದೆ ನಿಮ್ಮನ್ನು ವೇದಿಕೆ ಹತ್ತಿಸುವುದು, ಸೇಫ್ಟಿ ಆಫೀಸರು ಐದು ಕಿಲೋ ಸುತ್ತಿಗೆಯನ್ನು ನಿಮ್ಮ ಬೂಟಿನ ಮೇಲೆ ಬಿಟ್ಟು ಬೆರಳಿಗೆ ಏನೂ ಆಗುವುದಿಲ್ಲವೆಂದು ತೋರಿಸುವುದು, ಆಮೇಲೆ ಅಲ್ಲೇ ಕೆಲಸ ಕಾಯಂ ಆದ ಆರ್ಡರು ಕೊಡುವುದು, ಎಲ್ಲ ತಿಳಿಯಿತು. ಸಂತೋಷವಾಯಿತು ಎಂದು ಬರೆಯಬೇಕು. ಆದರೆ ಸುತ್ತಿಗೆ ಎನ್ನುವ ಕಡೆ ಓದುವುದನ್ನು ನಿಲ್ಲಿಸಿ ಎರಡು ಲೋಟ ನೀರು ಕುಡಿದೆ.

ನನ್ನ ಮಾತು ಕೇಳಿ, ಅಲ್ಲಿ ನಿಲ್ಲಬೇಡಿ. ಶನಿವಾರ ಕಬ್ಬಿಣ ಮನೆಗೆ ತರುವುದೇ ಬೇಡ ಎನ್ನುತ್ತಾರೆ, ನೀವು ಕಾಲ ಮೇಲೆ ಹಾಕಿಸಿಕೊಳ್ಳಲು ಹೊರಟಿದ್ದೀರಿ. ಇದಕ್ಕೆ ನೀವು ನಗುತ್ತೀರಿ, ಗೊತ್ತು. ಹಾಗಾದರೆ ಜ್ವರವೆಂದು ಹೇಳಿ. ಸುಳ್ಳು ಬೇಡವೆನಿಸಿದರೆ ಮಾವನಿಗೆ ಹುಷಾರಿಲ್ಲವೆಂದು ಹೇಳಿ ಇಲ್ಲಿಗೆ ಬನ್ನಿ, ನಾನು ಹಾಸಿಗೆ ಹಿಡಿದು ಮಲಗಿರುತ್ತೇನೆ. ಅಷ್ಟಕ್ಕೂ ಆ ಆಫೀಸರಿಗೆ ಬೂಟಿನ ಮೇಲೆ ಅಷ್ಟು ನಂಬಿಕೆಯಿದ್ದರೆ ಅವರಿಗೇ ಎರಡು ಕಾಲಿಲ್ಲವೇ?

ಸಂಕ್ರಾಂತಿಗೆ ಒಂದು ವಾರ ರಜೆಯಲ್ಲಿ ಬಂದವರು ನಮ್ಮನ್ನೆಲ್ಲ ತರಬೇತಿಗೆ ಹಾಕಿಕೊಂಡಿರಿ. ಒಲೆ ಮುಂದೆ ಕೂತ ನಿಮ್ಮ ಅತ್ತೆಗೆ ಸೆರಗು ಸಿಕ್ಕಿಸಿಕೊಳ್ಳಿ ಎಂದಿರಿ. ಬೆಂಕಿ ಬಿದ್ದರೆ ಇರಲೆಂದು ಅಡುಗೆಮನೆ ಬಾಗಿಲಲ್ಲಿ ಒಂದು ಬಕೆಟ್ಟು ಮರಳು ಇಟ್ಟಿರಿ. ಅದನ್ನು ಈಗ ಬೆಕ್ಕು ತನ್ನ ಕೆಲಸಕ್ಕೆ ಇಟ್ಟುಕೊಂಡಿದೆ. ನನಗೆ ಬರಿಗಾಲಲ್ಲಿ ಹೊಲಕ್ಕೆ ಇಳಿಯಬೇಡಿ ಎಂದಿರಿ. ಐವತ್ತು ವರ್ಷ ಬರಿಗಾಲಲ್ಲಿ ಹೊಲ ಉತ್ತವನಿಗೆ ಕಾಲಿನ ಪಾಠವೇ ಎಂದು ನಾನು ನಕ್ಕೆ. ಅದೇ ಬಾಯಲ್ಲಿ ಮರುದಿನ ನಿಮ್ಮ ಬೂಟು ಕೇಳಿದೆ.

ಚಿಕ್ಕ ಮಗಳು ಮುನಿತಾಯಿಗೆ ಸಂಬಂಧ ಕೇಳಲು ದೇವನಹಳ್ಳಿಗೆ ಹೋಗುವಾಗ ಗತ್ತಾಗಿ ಕಾಣಲೆಂದು ಕೇಳಿದೆ ಅಂದುಕೊಂಡಿರಿ. ನಿಜ ಬೇರೆ. ಕಲ್ಲು ತುಂಬಿದ ಗಾಡಿಯ ಚಕ್ರಕ್ಕೆ ಸಿಕ್ಕಿ ನನ್ನ ಎಡಗಾಲಿನ ಎರಡು ಬೆರಳು ಹೋಗಿ ಹನ್ನೆರಡು ವರ್ಷವಾಯಿತು. ಉರುಳುತ್ತಿದ್ದ ಚಕ್ರಕ್ಕೆ ಅಡ್ಡ ಕಲ್ಲು ಕೊಡಲು ಹೋದವನು ನಾನೇ. ಎತ್ತಿನ ತಪ್ಪೆಂದು ಊರಿಗೆಲ್ಲ ಹೇಳಿ, ಪಾಪ, ಆ ಎತ್ತನ್ನೂ ಮಾರಿದೆ. ಹೊಸ ಬೀಗರ ಕಣ್ಣಿಗೆ ಆ ಕಾಲು ಬೀಳಬಾರದಿತ್ತು. ಹುಡುಗ ಬೇರೆ ನಿಮ್ಮ ಕಾರ್ಖಾನೆಯವನೇ. ಅವರ ಮನೆಯಲ್ಲಿ ಒಳಗೆ ಬನ್ನಿ ಎಂದು ಎಷ್ಟು ಕರೆದರೂ ಜಗಲಿ ಬಿಟ್ಟು ಏಳಲಿಲ್ಲ. ಲೇಸು ಬಿಚ್ಚಿದರೆ ಮತ್ತೆ ಕಟ್ಟಲು ಅಳಿಯನೇ ಬರಬೇಕು ಅಂದೆ. ಅಳಿಯನ ಮೇಲೆ ಎಷ್ಟು ಅಭಿಮಾನ ಎಂದು ಬೀಗರು ಮೆಚ್ಚಿದರು. ಸಂಬಂಧ ಕುದುರಿತು.

ಬೆರಳು ಹೋದರೆ ನೋವು ಆರು ತಿಂಗಳು, ನಾಚಿಕೆ ಸಾಯುವವರೆಗೆ. ನನಗೆ ಗಂಡುಮಕ್ಕಳಿಲ್ಲ, ನೀವೇ ಮಗ. ನಿಮ್ಮ ಹತ್ತು ಬೆರಳೂ ನನಗೆ ಬೇಕು. ಇದಕ್ಕಿಂತ ಹೆಚ್ಚು ಕೇಳಬೇಡಿ.

ಅಂಚೆಯನ್ನು ನಂಬದೆ ನಿಮ್ಮ ನೆಲಮಂಗಲಕ್ಕೇ ಹೊರಟಿರುವ ನಮ್ಮೂರ ನಜೀಬುಲ್ಲಾ ಸಾಹೇಬರ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ಮಗಳು ಅನುಸೂಯಳಿಗೆ ತೋರಿಸಬೇಡಿ.

ಇಂತಿ ನಿಮ್ಮ ಹಿತವನ್ನೇ ಬಯಸುವ ಮಾವ,
ದೊಡ್ಡಮುನಿಯಪ್ಪ

ವಿ.ಸೂ.: ಕಾಗದ ಮಡಚುವಾಗ ನಿಮ್ಮ ಅತ್ತೆ ಓದಿಸಿ ಕೇಳಿದಳು. “ಊರ ಪುರಾಣವೆಲ್ಲ ಬರ್ದಿದ್ದೀರಲ್ಲ, ಆ ಚಿಪ್ಪಿನ ವಿಷ್ಯ ಎಲ್ಲಿ?” ಅಂದಳು. ಬರೆಯುತ್ತೇನೆ.

ಬೂಟಿನ ಮೂತಿಯೊಳಗೆ ಕಬ್ಬಿಣದ ಚಿಪ್ಪಿನಂಥದ್ದು ಇತ್ತು. ಬೆರಳು ಹೋದ ಜಾಗಕ್ಕೆ ಒತ್ತಿ ಪ್ರಾಣ ಹಿಂಡುತ್ತಿತ್ತು. ಹೊಸಕೋಟೆಯಲ್ಲಿ ಚಪ್ಪಲಿ ಹೊಲಿಯುವವನ ಕೈಲಿ ಅದನ್ನು ತೆಗೆಸಿದೆ. ಎರಡೂ ಸಮವಾಗಿರಲೆಂದು ಬಲಗಾಲಿನದನ್ನೂ ತೆಗೆಸಿದೆ. ಆಕಾರ ಕೆಡದಂತೆ ಒಳಗೆ ರಟ್ಟು ಇಡಿಸಿ, ಪಾಲಿಶ್ ಹಾಕಿಸಿ ನಿಮಗೆ ಕೊಟ್ಟೆ. ಮಾವ ಹಾಕಿದ ಮೇಲೆ ಬೂಟು ಹಗುರವಾಗಿದೆ ಎಂದು ನೀವು ಬರೆದದ್ದು ಅದಕ್ಕೇ. ಒಂದೂವರೆ ತಿಂಗಳಿಂದ ನೀವು ರಟ್ಟು ಹಾಕಿಕೊಂಡು ಓಡಾಡುತ್ತಿದ್ದೀರಿ. ಕಾಗದ ಸಿಕ್ಕ ಗಳಿಗೆಯೇ ಬಿಚ್ಚಿಡಿ.

ಚಿಪ್ಪುಗಳು ಭದ್ರವಾಗಿವೆ. ಅವುಗಳಲ್ಲಿ ಕೋಳಿಮರಿಗಳು ನೀರು ಕುಡಿಯುತ್ತಿದ್ದವು, ಈಗ ತೊಳೆದಿಟ್ಟಿದ್ದೇನೆ. ಶುಕ್ರವಾರ ಮೊದಲ ಬಸ್ಸಿಗೆ ತಂದು ಆಫೀಸರ ಮೇಜಿನ ಮೇಲಿಟ್ಟು, ತಪ್ಪು ನನ್ನದು, ಹುಡುಗನದಲ್ಲ ಎಂದು ನಾನೇ ಹೇಳುತ್ತೇನೆ. ಶನಿವಾರ ತೋರಿಸಲು ಒಂದು ಕಾಲು ಬೇಕೇ ಬೇಕು ಎಂದರೆ ನಾನು ವೇದಿಕೆ ಹತ್ತುತ್ತೇನೆ. ಸುತ್ತಿಗೆ ಬೇಡ. ಎಡಗಾಲಿನ ಚಪ್ಪಲಿ ಬಿಟ್ಟು ನಿಲ್ಲುತ್ತೇನೆ, ಮುನ್ನೂರು ಜನವೂ ನೋಡಲಿ. ಹೊಸ ಅಳಿಯನೂ ನೋಡಲಿ.