ರವಿವಾರ ಒಂಬತ್ತು ಗಂಟೆಗೆ ಇಷ್ರತ

ಗಜೇಂದ್ರಗಡ,
೯ ಆಗಸ್ಟ್ ೨೦೦೫

ಮಗ ವಸೀಮನಿಗೆ ನಿನ್ನ ಅಮ್ಮಿಯ ಸಲಾಮು ಮತ್ತು ದುವಾ.

ಹೇಗಿದ್ದೀಯಪ್ಪಾ? ಮಡಗಾಂವದಲ್ಲಿ ಮಳೆ ಇನ್ನೂ ಬಿಟ್ಟಿಲ್ಲವಂತೆ. ಬೇಕರಿಯ ಭಟ್ಟಿಯ ಮುಂದೆ ಬೆವರಿ, ಹಾಗೆಯೇ ಆ ಮಳೆಯಲ್ಲಿ ನೆನೆಯುತ್ತ ಖೋಲಿಗೆ ಹೋಗಬೇಡ, ಎದೆಗೆ ಕಫ ಕಟ್ಟುತ್ತದೆ. ಹೋದ ಸಲ ಕಟ್ಟಿಕೊಟ್ಟ ಅಗಸಿ ಚಟ್ನಿ ಮುಗಿದಿರಬೇಕು, ಜೊತೆಯವರಿಗೆಲ್ಲ ಹಂಚಿ ನೀನು ಒಣ ಪಾವು ತಿನ್ನುವವನೆಂದು ನನಗೆ ಗೊತ್ತು. ಇಲ್ಲಿ ಸೊಸೆ ನಾಹೀದ ಆರಾಮಾಗಿದ್ದಾಳೆ, ಹೊಲಿಗೆ ಕೆಲಸ ಕೈತುಂಬ ಇದೆ. ಹೆಸರುಕಾಯಿ ಬಿಡಿಸುವ ಹಂಗಾಮು ನಡೆದಿರುವುದರಿಂದ ಹಗಲಲ್ಲಿ ನಮ್ಮ ಓಣಿಯಲ್ಲಿ ಒಬ್ಬ ಹೆಂಗಸೂ ಸಿಗುವುದಿಲ್ಲ. ನನ್ನ ಮೊಣಕಾಲು ಬಾತಿದೆ, ಅದರ ಕಥೆ ಮುಂದೆ ಬರೆಯುತ್ತೇನೆ, ಗಾಬರಿಯಾಗಬೇಡ. ಮನೆಯಲ್ಲಿ ನಮ್ಮ ಮಾತು ಉರ್ದುವಾದರೂ ಕಾಗದ ಬರೆಯಲು ಕೂತರೆ ನನಗೆ ಕನ್ನಡವೇ ಬರುತ್ತದೆ. ಇಷ್ಟು ವರ್ಷ ಅಂಗನವಾಡಿಯಲ್ಲಿ ಮಕ್ಕಳಿಂದ ಅದನ್ನೇ ತಿದ್ದಿಸಿದ ಕೈ ಇದು.

ಫೋನು ಬಿಟ್ಟು ಕಾಗದ ಯಾಕೆ ಅನ್ನುತ್ತೀಯಾ? ಫೋನಿನಲ್ಲಿ ನೀನೇ ಮಾತಾಡಿ ನೀನೇ ಇಟ್ಟುಬಿಡುತ್ತೀ. ಹೋದ ವಾರ ನಜೀರಸಾಬರ ಅಂಗಡಿಗೆ ಫೋನು ಹಚ್ಚಿ ನಾಹೀದಳಿಗೆ ಹೇಳಿದೆಯಲ್ಲ, "ಇಷ್ರತನ್ನ ಟಿವಿಯವರ ಮುಂದ ನಿಂದ್ರಸಬ್ಯಾಡ್ರಿ, ಆಟದಿಂದ ಹೆಸರು ತೆಗಸ್ರಿ, ಆಟ ನನ್ನ ಹೊಟ್ಟಿ ತುಂಬಸಲಿಲ್ಲ, ಅಕೀದೇನು ತುಂಬಸ್ತೈತಿ" ಅಂತ. ಪಕ್ಕದಲ್ಲೇ ನಿಂತಿದ್ದ ನನಗೂ ಕೇಳಿಸಿತು, ನಿನ್ನ ಮಗಳು ಇಷ್ರತಳಿಗೂ ಕೇಳಿಸಿತು. ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ. ಖೋ-ಖೋದಲ್ಲಿ ನಿನ್ನಂಥ ಓಟಗಾರ ಈ ತಾಲೂಕಿನಲ್ಲಿ ಇರಲಿಲ್ಲ. ನೌಕರಿ ಕೊಡಿಸುತ್ತೇವೆ ಎಂದವರು ನಿನ್ನನ್ನು ಗದಗು, ಧಾರವಾಡ ಎಂದು ಓಡಾಡಿಸಿ ಕೊನೆಗೆ ಕೈಬಿಟ್ಟರು. ಆ ನೋವು ನನಗೂ ಇದೆ. ಆದರೆ ನಿನಗಾದ ಮೋಸಕ್ಕೆ ಏಳನೇ ಇಯತ್ತೆಯ ಹುಡುಗಿಗೆ ಶಿಕ್ಷೆ ಯಾಕೆ? ಅವಳು ಅಳಲಿಲ್ಲ, ರಂಪ ಮಾಡಲಿಲ್ಲ. ಕ್ಯಾನ್ವಾಸ್ ಬೂಟು ತೊಳೆದು ಒಣಗಿಸಿ ಅಟ್ಟದ ಮೇಲಿಟ್ಟಳು. ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ. ಬೂಟು ಅಟ್ಟಕ್ಕೇರಿದರೆ ಏನು ಹೇಳಿ ಸಮಾಧಾನ ಮಾಡಲಿ?

ಆ ಟಿವಿಯವರದು 'ಮಕ್ಕಳ ಮೈದಾನ' ಎಂಬ ಕಾರ್ಯಕ್ರಮ. ರವಿವಾರ ಬೆಳಗ್ಗೆ ಬರುತ್ತದೆ. ವಾರಕ್ಕೊಂದು ಊರಿಗೆ ಹೋಗಿ ಅಲ್ಲಿನ ಮಕ್ಕಳ ಆಟ ತೋರಿಸುತ್ತಾರೆ, ಆಟದ ನಿಯಮ ತಿಳಿಸುತ್ತಾರೆ, ಕೊನೆಗೆ ಆಯಾ ಮಕ್ಕಳ ಮನೆಯ ಹಿರಿಯರನ್ನೂ ಮೈದಾನಕ್ಕಿಳಿಸಿ ಮಕ್ಕಳ ಜೊತೆ ಆಡಿಸುತ್ತಾರೆ. ನಮ್ಮ ಸಾಲೆಯ ಹುಡುಗಿಯರ ಖೋ-ಖೋ ಸುದ್ದಿ ಅವರವರೆಗೆ ಮುಟ್ಟಿಸಿದವರು ಆಟ ಕಲಿಸುವ ರಾಜೇಶ್ವರಿ ಅಕ್ಕೋರು. ಶನಿವಾರ ಜೀಪಿನಲ್ಲಿ ಬಂದರು. ನೋಡಲಿಕ್ಕಾದರೂ ಹೋಗೋಣ ನಡಿ ಎಂದು ಇಷ್ರತಳನ್ನು ಕರೆದುಕೊಂಡು ಹೋದೆ. ಅವಳು ಸಾಲೆಯ ಗೋಡೆಗೆ ಬೆನ್ನು ಹಚ್ಚಿ ನಿಂತಳು, ಒಂದು ಹೆಜ್ಜೆ ಮುಂದೆ ಬರಲಿಲ್ಲ. ನಿನ್ನ ಮಾತು ಅಷ್ಟು ಪಾಲಿಸುತ್ತಾಳಪ್ಪ.

ಮೊದಲು ಹಿರಿಯರು ಕೂತು ಹಿಡಿಯಬೇಕು, ಹುಡುಗಿಯರು ಓಡಬೇಕು ಎಂದು ಠರಾವಾಯಿತು. ಯಾರದೋ ತಾಯಿ ಹೆಸರು ಬಿಡಿಸಲು ಹೊಲಕ್ಕೆ ಹೋಗಿದ್ದಳು, ಒಂದು ಜಾಗ ಖಾಲಿ. ನಮ್ಮ ಎದುರು ಮನೆಯ ಸಿದ್ದಲಿಂಗವ್ವ ಮೊಮ್ಮಗಳ ಸಲುವಾಗಿ ಬಂದಿದ್ದವಳು ನನ್ನ ಕೈ ಹಿಡಿದು ಎಳೆದಳು, "ಬರ್ರಿ ಮಾಸುಮಬಿ, ಕುಂಡ್ರಾಕೇನು ಧಾಡಿ?" ಸೆರಗು ಸಿಕ್ಕಿಸಿ ಕೂತೆ. ಖೋ-ಖೋದಲ್ಲಿ ಒಬ್ಬರು ಆ ಕಡೆ ಮುಖ, ಮುಂದಿನವರು ಈ ಕಡೆ ಮುಖ ಮಾಡಿ ಕೂರಬೇಕಲ್ಲ? ನಾವು ಅಷ್ಟೂ ಹೆಂಗಸರು ಕ್ಯಾಮೆರಾದ ಕಡೆಗೇ ಮುಖ ಮಾಡಿ, ಊಟದ ಪಂಕ್ತಿಗೆ ಕೂತ ಹಾಗೆ ಸಾಲಾಗಿ ಕೂತೆವು. ಅಕ್ಕೋರು ಹಣೆ ಹಣೆ ಬಡಿದುಕೊಂಡು ತಿರುಗಿ ಕೂರಲು ಹೇಳಿದರೆ ಸಿದ್ದಲಿಂಗವ್ವ ಪಟ್ಟು ಬಿಡಲಿಲ್ಲ. "ಅಷ್ಟು ದೂರದಿಂದ ಬಂದಾರ, ಬಂದವರಿಗೆ ಬೆನ್ನ ಮಾಡಿ ಹ್ಯಾಂಗ ಕುಂಡ್ರೂದ್ರಿ? ನಮ್ಮ ಮನ್ಯಾಗ ಆ ಪದ್ಧತಿ ಇಲ್ಲ." ಉಳಿದವರೂ ಹೌದು ಹೌದು ಎಂದೆವು. ಕ್ಯಾಮೆರಾ ಹಿಡಿದವನು ನಕ್ಕು ನಕ್ಕು ಕಣ್ಣೊರೆಸಿಕೊಂಡ.

ಗೋಡೆಯ ಹತ್ತಿರ ನಿಂತವಳಿಗೆ ಇದನ್ನು ತಡೆದುಕೊಳ್ಳಲು ಆಗಲಿಲ್ಲ ನೋಡು. ಓಡಿ ಬಂದಳು. ಮೊದಲು ನನ್ನ, ಆಮೇಲೆ ಒಬ್ಬೊಬ್ಬರ ಹೆಗಲು ಹಿಡಿದು, "ದಾದಿ, ನೀ ಆ ಕಡೆ ತಿರುಗು. ಅಮ್ಮಾರ, ನೀವು ಹಿಂಗ ಇರ್ರಿ" ಎಂದು ತಿರುಗಿಸಿ ತಿರುಗಿಸಿ ಕೂರಿಸಿದಳು. ಸಿದ್ದಲಿಂಗವ್ವನೂ ಸುಮ್ಮನೆ ತಿರುಗಿದಳು. ಕೆಲಸ ಮುಗಿಸಿ ಮತ್ತೆ ಗೋಡೆಯ ಕಡೆ ಹೊರಟವಳ ರಟ್ಟೆ ಹಿಡಿದು ನಿಲ್ಲಿಸಿದೆ. ಅಕ್ಕೋರಿಗೆ ಹೇಳಿದೆ, "ಇಕೀನ್ನ ಆಡಸ್ರಿ. ಅವರಪ್ಪ ಬ್ಯಾಡ ಅಂದಾನ, ಖರೇ. ಅವಗ ಉತ್ತರಾ ನಾ ಕೊಡ್ತೇನಿ." ಈ ಕಾಗದವೇ ಆ ಉತ್ತರ.

ಆಮೇಲೆ ಹುಡುಗಿಯರು ಕೂತರು, ನಾವು ಓಡಬೇಕಾಯಿತು. ಹಿಡಿಯಲು ಎದ್ದವಳು ಇಷ್ರತ. ಸಿದ್ದಲಿಂಗವ್ವನನ್ನು ಕಣ್ಣು ಮಿಟುಕಿಸುವುದರೊಳಗೆ ಮುಟ್ಟಿದಳು. ನನ್ನ ಬೆನ್ನ ಹಿಂದೆ ಬಂದಾಗ ಮಾತ್ರ ಕೈ ಚಾಚಿದರೆ ಸಿಗುವಷ್ಟು ಹತ್ತಿರವಿದ್ದೂ ನಿಧಾನ ಮಾಡಿದಳು, ಕೂತ ಇನ್ನೊಬ್ಬಳಿಗೆ ಖೋ ಕೊಟ್ಟಳು. ಮತ್ತೆ ಸರದಿ ಬಂದಾಗಲೂ ಅದೇ. ದಾದಿ ಬಿದ್ದಾಳೆಂಬ ಭಯವೋ, ಅಬ್ಬಾ ಬೇಡ ಅಂದ ಆಟ ಮನಸ್ಸಿಟ್ಟು ಆಡಬಾರದೆಂಬ ಅಳುಕೋ. ನನಗೆ ಸಿಟ್ಟು ಬಂತು. ಓಡುತ್ತಲೇ ಬೈದೆ, "ದಯಾ ತೋರಸಬ್ಯಾಡ. ಆಡೂದಾದ್ರ ಖರೇ ಆಡು, ಇಲ್ಲಾ ಮನಿಗಿ ನಡಿ." ಅವಳ ಮುಖ ಬದಲಾಯಿತು. ನಾನು ಕಂಬದ ಆಚೆ ತಪ್ಪಿಸಿಕೊಂಡೆ ಅಂದುಕೊಳ್ಳುವಷ್ಟರಲ್ಲಿ ಒಂದು ಕೈಯಲ್ಲಿ ಕಂಬ ಹಿಡಿದು ಮೈಯನ್ನೆಲ್ಲ ಗಾಳಿಗೆ ಎಸೆದು ನನ್ನ ಕಾಲು ಮುಟ್ಟಿದಳು. ಅವಳೂ ಬಿದ್ದಳು, ನಾನೂ ಬಿದ್ದೆ. ಮೊಣಕಾಲು ಬಾತದ್ದು ಹೀಗೆ. ನೋವಿನ ಎಣ್ಣೆ ಹಚ್ಚಿ ಇಷ್ರತಳೇ ತಿಕ್ಕುತ್ತಾಳೆ, ಎರಡು ದಿನದಲ್ಲಿ ಇಳಿಯುತ್ತದೆ. ಮಣ್ಣು ಮೆತ್ತಿದ ಅವಳ ಮುಖ ನೋಡಿದೆ. ಅಷ್ಟು ಸಂತೋಷದ ಮುಖ ಈ ಮನೆಯಲ್ಲಿ ನಾನು ಬಹಳ ದಿನದಿಂದ ಕಂಡಿರಲಿಲ್ಲ ವಸೀಮ.

ಬೂಟು ಅಟ್ಟದಿಂದ ಇಳಿದಿದೆ. ದಿನಾ ಸಂಜೆ ಮೈದಾನಕ್ಕೆ ಹೋಗುತ್ತಾಳೆ, ಬಂದು ಅಭ್ಯಾಸಕ್ಕೆ ಕೂರುತ್ತಾಳೆ. ಆಟ ಅವಳಿಗೆ ನೌಕರಿ ಕೊಡುತ್ತದೆ ಎಂದು ನಾನು ಹೇಳುವುದಿಲ್ಲ. ಕೊಡದಿದ್ದರೂ ಆಡಲಿ. ನಾಹೀದ ಮೊದಮೊದಲು ನಿನಗೆ ಅಂಜಿದಳು, ಈಗ ಅವಳೇ ಟ್ರ್ಯಾಕ್ ಪ್ಯಾಂಟು ಹೊಲಿಯುತ್ತಿದ್ದಾಳೆ. ಅವಳ ಮೇಲೆ ಸಿಟ್ಟು ಮಾಡಬೇಡ, ಬೈಯುವುದಿದ್ದರೆ ನನ್ನನ್ನು ಬೈ.

ಅಲ್ಲಾಹ ನಿನ್ನನ್ನು ಸುಖವಾಗಿಡಲಿ. ನಿನ್ನ ಖೋಲಿಯ ಹುಡುಗರಿಗೂ ನನ್ನ ದುವಾ ಹೇಳು. ವೇಳೆಗೆ ಸರಿಯಾಗಿ ಉಣ್ಣು, ಮಲಗು.

ನಿನ್ನ ಅಮ್ಮಿ,
ಮಾಸುಮಬಿ

ತಾ.ಕ.: ಟಪಾಲು ಒಯ್ಯುವ ಹೊತ್ತಾಯಿತು, ಮುಖ್ಯ ಮಾತೇ ಉಳಿಯಿತು. ಆಟ ಮುಗಿದ ಮೇಲೆ ಟಿವಿಯ ಹುಡುಗಿ ಇಷ್ರತಳ ಮುಂದೆ ಮೈಕು ಹಿಡಿದು, ಕಂಬ ಹಿಡಿದು ಹಾಗೆ ಹಾರಲು ಕಲಿಸಿದವರು ಯಾರು ಎಂದು ಕೇಳಿದಳು. ರಾಜೇಶ್ವರಿ ಅಕ್ಕೋರ ಹೆಸರು ಹೇಳುತ್ತಾಳೆ ಅಂದುಕೊಂಡಿದ್ದೆ. ಅವಳು ಹೇಳಿದ್ದು ಇದು: "ನಮ್ಮ ಅಬ್ಬಾ ರೀ. ರಜಾಕ್ಕ ಬಂದಾಗ ಹಿತ್ತಲದಾಗ ಎರಡು ಗಳಾ ನೆಟ್ಟು ಕಲಿಸ್ಯಾರ. ಅವರು ನನಗಿಂತ ಭಾಳ ಚಲೋ ಆಡ್ತಾರ್ರಿ." ಇದೇ ಇಪ್ಪತ್ತೊಂದರ ರವಿವಾರ ಬೆಳಗ್ಗೆ ಒಂಬತ್ತಕ್ಕೆ ತೋರಿಸುತ್ತಾರೆ. ಕನ್ನಡ ಚಾನೆಲ್ ಬರುವ ಹೋಟೆಲು ಹುಡುಕಿ ಕೂತು ನೋಡು. ಇಪ್ಪತ್ತೇಳರ ಶನಿವಾರ ರೋಣದಲ್ಲಿ ತಾಲೂಕಿನ ಪಂದ್ಯ ಇದೆ, ಇಷ್ರತ ಆಡುತ್ತಾಳೆ. ನಿನ್ನ ಅಪ್ಪಣೆ ಕೇಳಲು ಇದನ್ನು ಬರೆದಿಲ್ಲ. ಬರುವುದಾದರೆ ರೋಣದಲ್ಲೇ ಬಸ್ಸಿಳಿದು ನೇರ ಮೈದಾನಕ್ಕೆ ಬಾ. ನಾನು, ನಾಹೀದ ಇಬ್ಬರೂ ಅಲ್ಲೇ ಇರುತ್ತೇವೆ, ಮನೆಗೆ ಬೀಗ ಹಾಕಿರುತ್ತದೆ.