ಹಟ್ಟಿಯ ಹಳೆಯ ಚೀಟಿ

12 ನವೆಂಬರ್ 2024, ಮಂಗಳವಾರ. ಬೆಳಿಗ್ಗೆ 7

ಮಿಲ್ಲಿಗೆ ಹೋಗುವ ಮುಂಚೆ ಎರಡು ನಗೆಸಾಲು ಹುಟ್ಟಬೇಕು. ಹನ್ನೊಂದು ವರ್ಷದ ರೂಢಿ. ಇವತ್ತು ಒಂದೇ: 'ಆಫೀಸಿನವರಿಗೆ ಭತ್ಯೆ, ಮಿಲ್ಲಿನವರಿಗೆ ಬರೀ ಭತ್ತ.' ಅಸ್ಮಾಗೆ ಹೇಳಿದೆ. ರೊಟ್ಟಿ ತಿರುವುತ್ತಲೇ ಕೇಳಿದಳು. ನಗಲಿಲ್ಲ. ಹೆಂಡತಿ ನಗದಿದ್ದರೆ ಸ್ಟೇಜಿನಲ್ಲಿ ನಡೆಯುತ್ತದೆ... ಅದೂ ಹನ್ನೊಂದು ವರ್ಷದ ಅನುಭವ.

ಭಾನುವಾರ ಚಿನ್ನದ ಗಣಿಯ ಹಟ್ಟಿಯಲ್ಲಿ ರಾಜ್ಯೋತ್ಸವದ ಪ್ರೋಗ್ರಾಂ. ಹೋದ ವರ್ಷವೂ ಕರೆದಿದ್ದರು. ಪೋಸ್ಟರಿನಲ್ಲಿ 'ಒಂದೇ ಸಾಲಿನ ಸರದಾರ ಮಸ್ಕಿ ಮುಕ್ತಿಯಾರ್'. ಸಿಂಧನೂರಿನ ರೈಸ್ ಮಿಲ್ಲಿನಲ್ಲಿ ಲಾರಿ ತೂಕ ಹಾಕುವವನು ಅಂತ ಯಾರೂ ಬರೆಯುವುದಿಲ್ಲ. ಒಳ್ಳೆಯದೇ.

16 ನವೆಂಬರ್, ಶನಿವಾರ

ನನ್ನ ಪ್ರೋಗ್ರಾಂ ನೋಡಿಕೊಳ್ಳುವ ವೆಂಕೋಬನಿಗೆ ಡೆಂಗಿ. ಎದ್ದು ಕೂರುವ ಹಾಗಿಲ್ಲ.

ಎಲ್ಲ ಊರಿಗೂ ಅವನು ಒಂದು ದಿನ ಮೊದಲೇ ಹೋಗುತ್ತಾನೆ. ಚಹಾದಂಗಡಿಯಲ್ಲಿ ಕೂತು ಹತ್ತು ಹೆಸರಿನ ಚೀಟಿ ಮಾಡುತ್ತಾನೆ — ಯಾರು, ಏನು ಕೆಲಸ, ಚೇಷ್ಟೆ ಮಾಡಿದರೆ ಸಿಟ್ಟಾಗುತ್ತಾರೋ ಇಲ್ಲವೋ. ಸ್ಟೇಜ್ ಮೇಲಿಂದ ಹೆಸರು ಕೂಗುತ್ತೇನೆ, ಅವರು ಕೈ ಎತ್ತುತ್ತಾರೆ, ಅಲ್ಲೇ ಒಂದು ಸಾಲು ಹುಟ್ಟುತ್ತದೆ. ಜನ ಬರುವುದೇ ಅದಕ್ಕೆ.

'ನೀನ ಹೋಗಿ ಯಾರನ್ನರ ಕೇಳಿ ಬರಕೋ' ಅಂದ ಫೋನಿನಲ್ಲಿ. ಮಿಲ್ಲಿನಲ್ಲಿ ಸುಗ್ಗಿ, ಲಾರಿಗಳ ಸಾಲು. ರಜೆ ಎಲ್ಲಿಂದ ತರಲಿ? ಹೋದ ವರ್ಷದ ಡೈರಿಯಲ್ಲಿ ಹಟ್ಟಿಯ ಚೀಟಿ ಅಂಟಿಸಿದ್ದು ಹಾಗೇ ಇದೆ. ಊರು ಅದೇ, ಜನ ಅವರೇ. ಮೂರನೇ ಹೆಸರು — ಅಮರಗುಂಡಪ್ಪ, ಗಣಿಯಿಂದ ರಿಟೈರ್. ಮುಂದೆ ಎರಡು ಟಿಕ್. ಅಂದರೆ ಹೊಟ್ಟೆ ಹಿಡಿದುಕೊಂಡು ನಕ್ಕವರು. ಅವರಿಂದಲೇ ಶುರು ಮಾಡುವುದು.

18 ನವೆಂಬರ್, ಸೋಮವಾರ. ಮಧ್ಯಾಹ್ನ

ಮಿಲ್ಲಿಗೆ ಹೋಗಿಲ್ಲ.

ನಿನ್ನೆ ಶುರು ಚೆನ್ನಾಗಿಯೇ ಇತ್ತು. 'ಹಟ್ಟಿಯವ್ರು ಮಣ್ಣಾಗ ಚಿನ್ನ ಹುಡುಕ್ತಾರ, ಮನ್ಯಾಗ ಹೆಂಡ್ತಿ ಚಿನ್ನಾ ಅಂದ್ರ ತಿರುಗಿ ನೋಡಂಗಿಲ್ಲ.' ಚಪ್ಪಾಳೆ. ಆಮೇಲೆ ಕೂಗಿದೆ: 'ಅಮರಗುಂಡಪ್ಪನವ್ರು ಎಲ್ಲದೀರಿ? ಕೈ ಎತ್ರಿ.' ಯಾರೂ ಎತ್ತಲಿಲ್ಲ. ನಾಚಿಕೆ ಅಂದುಕೊಂಡೆ. 'ಮಲಗ್ಯಾರೇನ್ರಿ? ಬಾಜೂಕಿನವ್ರು ಎಬ್ಬಸ್ರಿ ಅವರನ್ನ.'

ಹಿಂದೆ, ವಿಷಯ ಗೊತ್ತಿಲ್ಲದವರು ಯಾರೋ ನಕ್ಕರು. ಮುಂದಿನವರು ತಲೆ ತಗ್ಗಿಸಿದರು. ಎರಡನೇ ಸಾಲಿನಿಂದ ಒಬ್ಬ ಹೆಂಗಸು ಎದ್ದರು. ಸೆರಗು ಹೊದ್ದುಕೊಂಡು, ಯಾರ ಕಾಲೂ ತುಳಿಯದ ಹಾಗೆ ನಿಧಾನ ದಾಟಿಕೊಂಡು ಹೋದರು. ಸಂಘಟಕ ಬಂದು ಕಿವಿಯಲ್ಲಿ ಹೇಳಿದ. ಅಮರಗುಂಡಪ್ಪ ಶ್ರಾವಣದಲ್ಲಿ ತೀರಿಕೊಂಡರಂತೆ. ಹಾರ್ಟ್. ಎದ್ದು ಹೋದವರು ಅವರ ಹೆಂಡತಿ, ಪಕೀರಮ್ಮ.

ಮೈಕ್ ಕೊಟ್ಟು ಇಳಿದೆ. ಅರ್ಧಕ್ಕೆ ಇಳಿದದ್ದು ಇದೇ ಮೊದಲು.

3 ಡಿಸೆಂಬರ್, ಮಂಗಳವಾರ

ಹದಿನೈದು ದಿನ. ಒಂದು ಸಾಲೂ ಹುಟ್ಟಿಲ್ಲ. ಅಸ್ಮಾ ದಿನಾ 'ಜಾನೆ ದೋ ಜೀ' ಅನ್ನುತ್ತಾಳೆ. ಹೋಗಲಿ ಬಿಡು ಅನ್ನುವಂಥದ್ದೇ ಇದು?

ವೆಂಕೋಬ ಬಂದಿದ್ದ. ಅಂಗಿ ಸಡಿಲವಾಗುವಷ್ಟು ಸೊರಗಿದ್ದಾನೆ. 'ಲೇ ಮುಕ್ತ್ಯಾ, ಪ್ರತಿ ಸಲ ಹೊಸ ಚೀಟಿ ಯಾಕ ಮಾಡ್ತೀನಿ? ಚಹಾ ಕುಡಿಯೋ ಚಟಾ ಅಂತ ತಿಳದಿಯೇನು? ಯಾರ ಮನ್ಯಾಗ ಏನಾಗೇತಿ ಅಂತ ಮೊದಲ ಅದನ್ನ ಕೇಳತೀನಿ.'

ಚಟ ಅಂತಲೇ ತಿಳಿದಿದ್ದೆ.

ಲಿಂಗಸುಗೂರಿನ ಪ್ರೋಗ್ರಾಂ 22ಕ್ಕೆ. ಬೇಡ ಅಂದೆ, ಇನ್ನು ಮೈಕ್ ಹಿಡಿಯುವುದಿಲ್ಲ ಅಂದೆ. ಅವನು ಕ್ಯಾನ್ಸಲ್ ಮಾಡಲಿಲ್ಲ. 'ಮೊದಲ ಹಟ್ಟಿಗೆ ಹೋಗಿ ಆ ತಾಯಿ ಮುಂದ ನಿಂದ್ರು. ಆಮ್ಯಾಲ ಹೇಳು.'

8 ಡಿಸೆಂಬರ್, ಭಾನುವಾರ. ವಾಪಸ್ ಬಸ್ಸಿನಲ್ಲಿ

ಬೆಳಿಗ್ಗೆ ಮಸ್ಕಿ ದಾಟುವಾಗ ಒಬ್ಬರು ಗುರುತು ಹಿಡಿದು 'ಒಂದು ಜೋಕ್ ಒಗೀರಿ' ಅಂದರು. ಗಂಟಲು ಕೆಟ್ಟಿದೆ ಅಂದೆ.

ಪಕೀರಮ್ಮ ಚಾಪೆ ಹಾಸಿದರು. ಚಹಾ ಕೊಟ್ಟರು. 'ತಪ್ಪಾತ್ರಿ ಅವ್ವಾರ' ಅಂದೆ.

'ಬೇಕಂತ ಮಾಡೀರೇನ್ರಿ? ಕೂಡ್ರಿ' ಅಂದರು. 'ಹೋದ ವರ್ಷ ನಾ ಬಂದಿದ್ದಿಲ್ಲ. ಅವ್ರು ಮನೀಗೆ ಬಂದು, ಮಸ್ಕಿಯಾಂವ ನನ್ನ ಮೀಸೀಗೆ ಏನಂದ ಗೊತ್ತೇನು ಅಂತ ಶುರು ಮಾಡಿದ್ರು. ನಗು ಬಂದು ಮುಂದ ಹೇಳಾಕ ಆಗಲಿಲ್ಲ. ಯಾರು ಬಂದ್ರೂ ಅದ ಕಥಿ. ಒಂಬತ್ತ ತಿಂಗಳು ಹಿಂಗ ಆತು. ಪೂರ್ತಿ ಒಮ್ಮೆನೂ ಹೇಳಲಿಲ್ಲ. ನೀವು ಮತ್ತ ಅದನ್ನ ಹೇಳ್ತೀರೇನೋ ಅಂತ ಅವತ್ತು ಬಂದು ಕುಂತಿದ್ದೆ. ಏನಂದಿದ್ರಿ?'

ನೆನಪಿಲ್ಲ. ವರ್ಷಕ್ಕೆ ನಲವತ್ತು ಊರು, ಊರಿಗೆ ಹತ್ತು ಹೆಸರು.

'ಡೈರಿ ನೋಡಿ ಹೇಳ್ತೀನ್ರಿ' ಅಂದೆ. ಡೈರಿಯಲ್ಲಿ ಅದು ಇರುವುದಿಲ್ಲ ಅಂತ ಗೊತ್ತಿದ್ದೂ ಅಂದೆ.

10 ಡಿಸೆಂಬರ್, ಮಂಗಳವಾರ

ಆದರೂ ನೋಡಿದೆ. ಹೆಸರು, ಟಿಕ್, ಅಷ್ಟೇ. ಮನೆಯಲ್ಲಿ ಹುಟ್ಟಿದ್ದನ್ನು ಬರೆದಿಡುತ್ತೇನೆ, ಸ್ಟೇಜಿನಲ್ಲಿ ಹುಟ್ಟಿದ್ದು ಅಲ್ಲೇ ಹೋಗುತ್ತದೆ. ವೆಂಕೋಬನಿಗೂ ನೆನಪಿಲ್ಲ. ಸಂಘಟಕರ ಹತ್ತಿರ ವಿಡಿಯೊ ಇಲ್ಲ.

'ಹೊಸದೊಂದು ಮಾಡಿ ಇದ ಅಂತ ಹೇಳ್ರಿ' ಅಂದಳು ಅಸ್ಮಾ. 'ಆಕಿಗ್ಯಾಂಗ ಗೊತ್ತಾಗ್ತದ?' ಮೊದಲು ಹೇಸಿಗೆ ಅನಿಸಿತು. ಸಂಜೆ ಹೊತ್ತಿಗೆ ಅದೇ ಸರಿ ಅನಿಸತೊಡಗಿತು.

15 ಡಿಸೆಂಬರ್, ಭಾನುವಾರ

ನಾಲ್ಕು ದಿನ ತಿದ್ದಿದೆ. ಇಷ್ಟು ಯಾವ ಸಾಲಿಗೂ ತಿಣುಕಿಲ್ಲ. ಪಕೀರಮ್ಮನವರಿಗೆ ಫೋನ್ ಮಾಡಿ ಹೇಳಿದೆ: 'ಅಮರಗುಂಡಪ್ಪನವರ, ನಿಮ್ಮ ಮೀಸೀಗೂ ಎರಡು ಶಿಫ್ಟ್ ಏನ್ರಿ? ಒಂದ್ ಕಡಿ ಗಣ್ಯಾಗ ಇಳದೈತಿ, ಒಂದ್ ಕಡಿ ಮ್ಯಾಲ ಏರೈತಿ.'

'ಚೊಲೊ ಐತ್ರಿ' ಅಂದರು ಪಕೀರಮ್ಮ.

'ಆದ್ರ ಅವರ ಮೀಸಿ ಎರಡೂ ಕಡಿ ಇಳೇ ಬಿದ್ದಿತ್ರಿ' ಅಂದರು.

ಬೈಯಲಿಲ್ಲ. 'ನೆನಪಾದ್ರ ಹೇಳ್ರಿ. ಅವಸರ ಇಲ್ಲ' ಅಂದು ಫೋನ್ ಇಟ್ಟರು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ನಾನೇ ಎರಡು ಟಿಕ್ ಹಾಕಿದ ಮನುಷ್ಯನ ಮುಖವೇ ನನಗೆ ನೆನಪಿಲ್ಲ.

22 ಡಿಸೆಂಬರ್, ಭಾನುವಾರ. ಲಿಂಗಸುಗೂರು. ಸಂಜೆ 6

ಬಂದಿದ್ದೇನೆ. ವೆಂಕೋಬ ಬಿಡಲಿಲ್ಲ. ಸ್ಟೇಜಿನ ಹಿಂದೆ ಪ್ಲಾಸ್ಟಿಕ್ ಕುರ್ಚಿ, ತೊಡೆಯ ಮೇಲೆ ಡೈರಿ. ಹೊಸ ಚೀಟಿ ಕೊಟ್ಟ. 'ಹತ್ತೂ ಮಂದಿ ಅದಾರ. ಮುಂಜಾನೆ ಕಣ್ಣಾರೆ ನೋಡಿ ಬಂದೀನಿ' ಅಂದ. ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದೆವು.

ಪರದೆ ಸರಿಸಿ ನೋಡಿದೆ. ಎರಡನೇ ಸಾಲಿನಲ್ಲಿ ಪಕೀರಮ್ಮ. ಹಟ್ಟಿಯಿಂದ ಬಸ್ಸು ಹತ್ತಿ ಬಂದಿದ್ದಾರೆ. ಯಾರೂ ಕರೆದಿಲ್ಲ. ಮಡಿಲಲ್ಲಿ ಚೀಲ ಇಟ್ಟುಕೊಂಡು ಮೈಕನ್ನೇ ನೋಡುತ್ತಿದ್ದಾರೆ.

ಇನ್ನು ಐದು ನಿಮಿಷ. ನೆನಪು ಮಾಡಿಕೊ... ಹೋದ ವರ್ಷ, ಹಟ್ಟಿ. ಮೂರನೇ ಹೆಸರು. ಒಬ್ಬರು ಕೈ ಎತ್ತಿದ್ದಾರೆ. ಎರಡೂ ಕಡೆ ಇಳಿಬಿದ್ದ ಮೀಸೆ. ನಾನು ಬಾಯಿ ತೆರೆದೆ —

'ಅಮರಗುಂಡಪ್ಪನವರ, ನಿಮ್ಮ ಮೀಸಿ...' ಅವರು ನಿಲ್ಲಿಸುತ್ತಿದ್ದ ಜಾಗಕ್ಕೇ ಬಂದು ನಾನೂ ನಿಂತಿದ್ದೇನೆ; ವೆಂಕೋಬ ಕರೆಯುತ್ತಿದ್ದಾನೆ, ಡೈರಿ ಮುಚ್ಚುತ್ತೇನೆ.