ರಜೆಗೆ ಯಾರ ಮನೆ

ಹಾಸ್ಟೆಲ್, ಮೇಲಿನ ಮಹಡಿ
ಮೂರನೇ ತಾರೀಖು, ಬುಧವಾರ

ನನ್ನ ಅಮ್ಮನಿಗೆ,

ಫೋನ್ ಬಿಟ್ಟು ಪತ್ರ ಬರೆಯುತ್ತಿದ್ದೇನೆ, ಸಾರಿ ಅಮ್ಮಾ, ಗಾಬರಿಯಾಗಬೇಡ. ಫೋನಿನಲ್ಲಿ ನೀನು ‘ಊಟ ಆಯ್ತಾ’ ಅಂದ ಕೂಡಲೇ ನಾನು ‘ಆಯ್ತು’ ಅಂದುಬಿಡುತ್ತೇನೆ, ಮಿಕ್ಕಿದ್ದೆಲ್ಲ ಅಲ್ಲಿಗೇ ಮುಗಿದುಹೋಗುತ್ತದೆ. ನಿನ್ನ ಮಂಡಿನೋವು ಹೇಗಿದೆ? ಹೊಸ ಮನೆಯ ಮೆಟ್ಟಿಲು ಕಡಿದು ಅಂದಿದ್ದೆಯಲ್ಲ. ನಾನು ಚೆನ್ನಾಗಿದ್ದೇನೆ. ಅಂದರೆ, ಏನೂ ಆಗಿಲ್ಲ.

ಕ್ಲಾಸಿನಲ್ಲಿ ಒಂದು ಕಾದಂಬರಿ ನಡೆಯುತ್ತಿದೆ. ಕಥೆ ಹೇಳುವವಳು ಹದಿಮೂರರ ಹುಡುಗಿ. ಅಪ್ಪ ಅಮ್ಮ ಬೇರೆಯಾಗುವ ದಿನ ಅವಳು ಅಳುವುದೇ ಇಲ್ಲ. ಲಾರಿಗೆ ಯಾವ ಸಾಮಾನು ಮೊದಲು ಹತ್ತಿತು, ಕಪಾಟು ಎತ್ತಿದ ಮೇಲೆ ಹಿಂದಿನ ಗೋಡೆಯ ಬಣ್ಣ ಹೇಗಿತ್ತು, ಅದನ್ನೇ ಪುಟಗಟ್ಟಲೆ ಹೇಳುತ್ತಾಳೆ. ನನ್ನ ರೂಮ್‌ಮೇಟ್, ಬಾಯಿ ಮುಚ್ಚದ ಕಾರಣ ನಾವು ರೇಡಿಯೋ ಅನ್ನುವವಳು, ‘ಏನೇ ಇವಳು, ಕಲ್ಲು! ನಾನಾಗಿದ್ರೆ ಲಾರಿ ಮುಂದೇನೇ ಮಲಗಿಬಿಡ್ತಿದ್ದೆ’ ಅಂದಳು. ಇಡೀ ಕ್ಲಾಸ್ ನಕ್ಕಿತು. ಆಮೇಲೆ ಮೇಡಂ ನನ್ನನ್ನು ಎಬ್ಬಿಸಿದರು. ‘ಅತ್ರೆ ಇಬ್ರಲ್ಲಿ ಯಾರ ಹತ್ರ ಹೋಗಿ ಅಳೋದು ಅಂತ ಅವಳಿಗೆ ಗೊತ್ತಿಲ್ಲ ಮೇಡಂ’ ಅಂದೆ. ಅವರು ‘ವೆರಿ ಗುಡ್’ ಅಂದು ಅದನ್ನು ಬೋರ್ಡಿನ ಮೇಲೆ ಬರೆದರು. ನನಗೆ ಖುಷಿಯಾಗಲಿಲ್ಲ, ದುಃಖವೂ ಆಗಲಿಲ್ಲ. ಬೇರೆ ಯಾರದೋ ಉತ್ತರ ಅನ್ನುವ ಹಾಗೆ ಕಾಪಿ ಮಾಡಿಕೊಂಡು ಕೂತೆ.

ಕೊನೆಯ ಅಧ್ಯಾಯ ಮಾತ್ರ ನನಗೆ ಸರಿಹೋಗಲಿಲ್ಲ. ಆ ಹುಡುಗಿ ತಾನೇ ಒಂದು ಮನೆಯನ್ನು ಆರಿಸಿಕೊಂಡು, ಬ್ಯಾಗ್ ಹಿಡಿದು ಹೋಗಿ ಬಾಗಿಲು ತಟ್ಟುತ್ತಾಳೆ. ಅಷ್ಟು ಧೈರ್ಯ ಎಲ್ಲಿಂದ ಬಂತೋ! ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲೇ ಬೆಳೆದ ನನಗೆ ಪರ್ಮಿಷನ್ ಇಲ್ಲದೆ ಗೇಟು ದಾಟಿಯೇ ಗೊತ್ತಿಲ್ಲ.

ಮೆಟ್ಟಿಲು ನಿಧಾನವಾಗಿ ಹತ್ತು. ನಿನ್ನ ಕೆಳಗಿನ ಮನೆಯ ಟೈಲರ್ ಅಜ್ಜನಿಗೆ ನಮಸ್ಕಾರ ಹೇಳು.

ನಿನ್ನ,
ಪುಟ್ಟಿ

ಮರೆತೇಬಿಟ್ಟಿದ್ದೆ: ಇಪ್ಪತ್ತಕ್ಕೆ ಹಾಸ್ಟೆಲಿಗೆ ಬೀಗ. ‘ಪಾಪ, ಅಪ್ಪ ಒಬ್ರೇ ಇದ್ದಾರೆ, ರಜೆಗೆ ಅಲ್ಲಿಗೇ ಹೋಗು’ ಅಂತ ನೀನು. ‘ನಿಮ್ಮಮ್ಮ ಒಬ್ಳೇ ಕಣಮ್ಮ, ನೀನು ಅಲ್ಲಿರು’ ಅಂತ ಅಪ್ಪ. ಒಟ್ಟಿಗಿದ್ದಾಗಲೂ ಹೀಗೇ ಅಲ್ಲವಾ, ತಟ್ಟೆಯಲ್ಲಿ ಉಳಿದ ಕೊನೇ ಬ್ರೆಡ್ಡನ್ನು ನೀವು ತಿನ್ನಿ, ನೀನು ತಿನ್ನು ಅಂತ ತಳ್ಳಾಡಿ, ಬೆಳಗ್ಗೆ ಅದು ಒಣಗಿ ಕಸಕ್ಕೆ ಹೋಗುತ್ತಿತ್ತು. ನನಗೆ ನಿನ್ನ ಹತ್ತಿರ ಬರಬೇಕು ಅಮ್ಮಾ. ಅಪ್ಪನಿಗೆ ನೀನೇ ಹೇಳು. ಬರಲಾ? ಬೇಗ ಉತ್ತರ ಬರೆ.